ಆನ್‌ಲೈನ್ ಟೆಸ್ಟಲ್ಲಿ 20ಕ್ಕೆ 19, ವೈವಾದಲ್ಲಿ ಬಾಯೇ ಬಿಡುವುದಿಲ್ಲ. ಏನು ಮಾಡಲಿ?

ಪ್ರಶ್ನೆ | ಫಾರ್ಮಾ ಮೇಡಂ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಎರಡನೇ ವರ್ಷದವರಿಗೆ ಫಾರ್ಮಕಾಲಜಿ, ಅಂದರೆ ಔಷಧಿಶಾಸ್ತ್ರದ ಪಾಠ ಮಾಡುತ್ತೇನೆ. ಬ್ಯಾಚಿಗೆ 150 ಮಕ್ಕಳು. ಪ್ರತಿ ಶನಿವಾರ ಸಂಜೆ ಗೂಗಲ್ ಫಾರ್ಮ್ಸ್‌ನಲ್ಲಿ ಒಂದು ಟೆಸ್ಟ್ ಇಡುತ್ತೇನೆ. 20 ಪ್ರಶ್ನೆ, ನಾಲ್ಕು ಆಯ್ಕೆ, ಅರ್ಧ ಗಂಟೆ ಸಮಯ. ಬಂದ ಮಾರ್ಕ್ಸ್ ಇಂಟರ್ನಲ್‌ಗೆ ಸೇರುತ್ತದೆ.

ಎಲ್ಲರಿಗೂ 18, 19 ಬರುತ್ತಿದೆ. ಖುಷಿ ಪಡಬೇಕು ಅಲ್ವಾ? ಆದರೆ ಅದೇ ಮಕ್ಕಳನ್ನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎದುರಿಗೆ ಕೂರಿಸಿಕೊಂಡು, "ಅಸ್ತಮಾ ಇರುವವರಿಗೆ ಬಿಪಿಗೆ ಕೊಡುವ ಪ್ರೊಪ್ರನಲಾಲ್ ಯಾಕೆ ಕೊಡಬಾರದು?" ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಟೆಸ್ಟಿನಲ್ಲಿ ಇದೇ ಪ್ರಶ್ನೆಗೆ ಸರಿ ಉತ್ತರ ಒತ್ತಿದವರೇ ಅವರು. ಟೆಸ್ಟ್ ಶುರುವಾದ ಐದೇ ನಿಮಿಷಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಓಡಾಡುತ್ತದೆ ಎಂದು ಒಬ್ಬ ಹುಡುಗಿ ಬಂದು ಹೇಳಿದಳು.

ಮನೆಯಲ್ಲಿ ಕೂತು ಬರೆಯುವವರನ್ನು ಕ್ಯಾಮೆರಾದಲ್ಲಿ ಕಾಯುವ ಸಾಫ್ಟ್‌ವೇರ್ ತರೋಣ ಎಂದು ನಮ್ಮಲ್ಲಿ ಮಾತು ನಡೆಯುತ್ತಿದೆ. ಇನ್ನೊಬ್ಬರು, ಆನ್‌ಲೈನೇ ಬೇಡ, ಪೇಪರಿಗೆ ವಾಪಸ್ ಹೋಗಿ ಎನ್ನುತ್ತಾರೆ. ವಾರವಾರ 150 ಪೇಪರ್ ತಿದ್ದಲು ನನ್ನಿಂದ ಆಗುವುದಿಲ್ಲ. ತಿದ್ದಿದರೂ ಮಕ್ಕಳ ಕೈಗೆ ಸೇರುವ ಹೊತ್ತಿಗೆ ಪಾಠ ಎಲ್ಲಿಗೋ ಹೋಗಿರುತ್ತದೆ.

2019ರಲ್ಲಿ ಎಂಬಿಬಿಎಸ್‌ಗೆ ಹೊಸ ಪಠ್ಯಕ್ರಮ ಬಂದ ಮೇಲೆ ವರ್ಷವಿಡೀ ಮೌಲ್ಯಮಾಪನ ಮಾಡಿ, ಫೀಡ್‌ಬ್ಯಾಕ್ ಕೊಡಿ ಎಂದು ನಿಯಮವೇ ಇದೆ. ಲಾಗ್‌ಬುಕ್ ತುಂಬಿಸುವುದಕ್ಕಷ್ಟೇ ಟೆಸ್ಟ್ ಇಡಲು ನನಗೆ ಮನಸ್ಸಿಲ್ಲ. ಇನ್ನು ಕೆಲವೇ ವರ್ಷಕ್ಕೆ ಈ ಮಕ್ಕಳು ವಾರ್ಡಿನಲ್ಲಿ ನಿಂತು ಔಷಧಿ ಬರೆಯುತ್ತಾರೆ. ಅವರಿಗೆ ನಿಜವಾಗಿ ಉಪಯೋಗ ಆಗುವ ಹಾಗೆ ಆನ್‌ಲೈನ್ ಟೆಸ್ಟ್ ಮಾಡುವುದು ಹೇಗೆ? ಮೆಡಿಕಲ್, ವೆಟರ್ನರಿ, ಡೆಂಟಲ್, ಯಾರೇ ಆಗಲಿ, ಮಾಡಿ ನೋಡಿದವರು ದಯವಿಟ್ಟು ಹೇಳಿ.

---

ಉತ್ತರ | ಹಸು ಡಾಕ್ಟ್ರು, ಸಂಜಯನಗರ

ಮೇಡಂ, ನಾನು ವೆಟರ್ನರಿ ಕಡೆಯವನು. ದೊಡ್ಡ ಪ್ರಾಣಿಗಳ ಮೆಡಿಸಿನ್ ಕಲಿಸುತ್ತೇನೆ. ನಿಮ್ಮ ಪೇಷೆಂಟ್ ಬಾಯಿಬಿಟ್ಟು ಹೇಳುತ್ತಾರೆ, ನಮ್ಮದು ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಮಕ್ಕಳ ಕಷ್ಟ ಎರಡು ಕಡೆಯೂ ಒಂದೇ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಶನಿವಾರದ ಟೆಸ್ಟ್ ಮಾರ್ಕ್ಸ್ ಹಾಕುವುದಕ್ಕೋ, ಕಲಿಸುವುದಕ್ಕೋ? ಒಂದೇ ಟೆಸ್ಟಿನಿಂದ ಎರಡನ್ನೂ ಮಾಡಲು ಹೋದರೆ ಎರಡೂ ಕೆಡುತ್ತವೆ. ಮಾರ್ಕ್ಸ್ ಇದೆ ಎಂದ ತಕ್ಷಣ ಮಕ್ಕಳಿಗೆ ಸರಿ ಉತ್ತರ ಒತ್ತುವುದೇ ಕೆಲಸ ಆಗುತ್ತದೆ. ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕುವ ಹುಡುಗನಿಗೆ ಅದು ಕಳ್ಳತನ ಅಂತಲೂ ಅನ್ನಿಸುವುದಿಲ್ಲ, ಗೆಳೆಯರಿಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಶನಿವಾರದ ಟೆಸ್ಟಿಗೆ ಮಾರ್ಕ್ಸ್ ತೆಗೆದುಬಿಡಿ. ಬರೆದಿದ್ದಾರೋ ಇಲ್ಲವೋ ಅದನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎಷ್ಟು ಬಂತು ಎನ್ನುವುದು ಆ ವಿದ್ಯಾರ್ಥಿಗೂ ನಿಮಗೂ ಮಾತ್ರ ಗೊತ್ತಿರಲಿ. ಮಾರ್ಕ್ಸ್ ಬೇಕಾದ ಪರೀಕ್ಷೆಯನ್ನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಬ್ಯಾಚ್ ಬ್ಯಾಚ್ ಆಗಿ, ನಿಮ್ಮ ಕಣ್ಣೆದುರಿಗೇ ಮಾಡಿ. ಸೇಫ್ ಎಕ್ಸಾಮ್ ಬ್ರೌಸರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಪರೀಕ್ಷೆ ಮುಗಿಯುವ ತನಕ ಆ ಕಂಪ್ಯೂಟರಿನಲ್ಲಿ ಬೇರೆ ಏನನ್ನೂ ತೆರೆಯಲು ಅದು ಬಿಡುವುದಿಲ್ಲ.

ಮಾರ್ಕ್ಸ್ ಇಲ್ಲದಿದ್ದರೆ ಯಾಕೆ ಬರೆಯುತ್ತಾರೆ ಎಂದು ಕೇಳಬಹುದು. ಟೆಸ್ಟ್ ಬರೆಯುವುದೇ ಒಂದು ಕಲಿಕೆ, ಇದು ಮಕ್ಕಳಿಗೆ ಗೊತ್ತಾಗಬೇಕು. ಅಮೆರಿಕದ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಒಂದು ಪಾಠವನ್ನು ಕೆಲವರು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ, ಶೇ. 81ಕ್ಕೆ 75. ಒಂದು ವಾರ ಬಿಟ್ಟು ಕೇಳಿದರೆ ಪೂರ್ತಿ ಉಲ್ಟಾ. ಎರಡು ಸಲ ಓದಿದವರಿಗೆ ಶೇ. 42 ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 56. ಪರೀಕ್ಷೆ ಹಿಂದಿನ ರಾತ್ರಿ ಹೈಲೈಟರ್ ಹಿಡಿದು ಕೂರುವವರು ಈ ನಾಲ್ಕು ಅಂಕಿ ನೋಡಿ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾರೆ. ಆದರೆ ಉತ್ತರ ಅವರ ತಲೆಯಿಂದಲೇ ಬರಬೇಕು. ವಾಟ್ಸಾಪಿನಿಂದ ಬಂದರೆ ಈ ಲಾಭ ಇಲ್ಲ.

ಇನ್ನು ಪ್ರಶ್ನೆಗಳ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ, ಪ್ರಶ್ನೆ ಕೆಟ್ಟದಾಗಿದ್ದರೆ ಏನೂ ನಡೆಯುವುದಿಲ್ಲ.

"ಹಸುವಿಗೆ ಕ್ಸೈಲಜಿನ್ ಡೋಸ್ ಎಷ್ಟು?" ಎಂದು ಕೇಳಿದರೆ (ಕ್ಸೈಲಜಿನ್ ಎಂದರೆ ಪ್ರಾಣಿಗಳಿಗೆ ಮಂಪರು ಬರಿಸುವ ಔಷಧಿ) ಮಕ್ಕಳು ಗೂಗಲ್ ಮಾಡಿ ಒತ್ತುತ್ತಾರೆ. ಅದನ್ನೇ ನಾನು ಹೀಗೆ ಕೇಳುತ್ತೇನೆ:

ನೆಲಮಂಗಲದ ಹತ್ತಿರದ ಹಳ್ಳಿಯಿಂದ ಫೋನ್. 350 ಕೆಜಿ ತೂಕದ ಎಚ್‌ಎಫ್ ಮಿಶ್ರತಳಿ ಹಸು, ಕರು ಹಾಕಿ ಐದು ತಿಂಗಳು. ಗಾಯಕ್ಕೆ ಹೊಲಿಗೆ ಹಾಕಬೇಕೆಂದು ಕೆಲಸಕ್ಕೆ ಹೊಸದಾಗಿ ಸೇರಿದ ಡಾಕ್ಟರು ಕೆಜಿಗೆ 1 ಮಿಗ್ರಾಂ ಲೆಕ್ಕದಲ್ಲಿ ಕ್ಸೈಲಜಿನ್ ಅನ್ನು ರಕ್ತನಾಳಕ್ಕೆ ಕೊಟ್ಟಿದ್ದಾರೆ. ಹಸು ಕುಸಿದು ಬಿದ್ದಿದೆ, ಹೊಟ್ಟೆ ಉಬ್ಬುತ್ತಿದೆ. ಏನಾಗಿರಬಹುದು? ಎ) ಔಷಧಿ ಅಲರ್ಜಿ. ಬಿ) ಹಸುವಿಗೆ ಕುದುರೆಯ ಡೋಸ್ ಬಿದ್ದಿದೆ. ಸಿ) ಹಾಲು ಜ್ವರ.

ಬಿ ಒತ್ತಿದವರಿಗೆ ಬರುವ ಫೀಡ್‌ಬ್ಯಾಕ್: "ಸರಿ. ಕ್ಸೈಲಜಿನ್‌ಗೆ ದನಗಳು ಕುದುರೆಗಿಂತ ತುಂಬ ಸೂಕ್ಷ್ಮ. ಕುದುರೆಗೆ ಬೇಕಾಗುವುದರ ಸುಮಾರು ಹತ್ತನೇ ಒಂದು ಭಾಗ ಸಾಕು. ಇಷ್ಟು ಜಾಸ್ತಿ ಬಿದ್ದಾಗ ರೂಮೆನ್ (ಹಸುವಿನ ಮೊದಲ ಹೊಟ್ಟೆ) ಕೆಲಸ ನಿಲ್ಲಿಸುತ್ತದೆ, ಗ್ಯಾಸ್ ಕಟ್ಟುತ್ತದೆ. ಮೊದಲು ಹಸುವನ್ನು ಎದೆಯ ಮೇಲೆ ಕೂರುವ ಹಾಗೆ ಇಡಿಸಿ, ಬಾಯಿಗೆ ಬಂದ ಮೇವು ಶ್ವಾಸಕೋಶಕ್ಕೆ ಹೋಗಬಾರದು. ಆಮೇಲೆ ಕ್ಸೈಲಜಿನ್ ಪರಿಣಾಮ ಇಳಿಸುವ ಯೋಹಿಂಬಿನ್ ಯೋಚಿಸಿ." ಸಿ ಒತ್ತಿದವರಿಗೆ ಬೇರೆ: "ಹಾಲು ಜ್ವರದಲ್ಲೂ (ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ) ಹಸು ಏಳುವುದಿಲ್ಲ, ಅಷ್ಟು ಹೊಳೆದಿದ್ದು ಒಳ್ಳೆಯದು. ಆದರೆ ಅದು ಸಾಮಾನ್ಯವಾಗಿ ಕರು ಹಾಕಿದ ಎರಡು ಮೂರು ದಿನದೊಳಗೆ ಬರುವುದು. ಈ ಹಸು ಕರು ಹಾಕಿ ಎಷ್ಟು ದಿನವಾಯಿತು? ಪ್ರಶ್ನೆ ಇನ್ನೊಮ್ಮೆ ಓದಿ." ಎ ಒತ್ತಿದವರಿಗೆ ಅಲರ್ಜಿಯಾದರೆ ಇನ್ನೇನು ಕಾಣಬೇಕಿತ್ತು ಎಂದು ಎರಡು ಸಾಲು.

ನೋಡಿ, ತಪ್ಪು ಆಯ್ಕೆಗಳ ಕೆಳಗೆ ಬರೆಯುವ ಈ ಸಾಲುಗಳೇ ನನ್ನ ಪಾಠ. ಕ್ಲಾಸಿನಲ್ಲಿ ಒಬ್ಬೊಬ್ಬರ ತಪ್ಪಿಗೂ ಬೇರೆ ಬೇರೆ ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ಇಲ್ಲಿ ಆಗುತ್ತದೆ, ಅದೂ ತಪ್ಪು ಮಾಡಿದ ಆ ಕ್ಷಣದಲ್ಲೇ. ಆನ್‌ಲೈನ್‌ನಿಂದ ನನಗೆ ಸಿಕ್ಕ ದೊಡ್ಡ ಉಪಯೋಗ ಇದು. ಮಾರ್ಕ್ಸ್ ತಾನಾಗಿಯೇ ಲೆಕ್ಕ ಆಗುವುದೆಲ್ಲ ಆಮೇಲಿನ ಮಾತು.

ಗೂಗಲ್ ಫಾರ್ಮ್ಸ್‌ನಲ್ಲಿ ಸರಿ ಉತ್ತರಕ್ಕೆ ಒಂದು, ತಪ್ಪು ಉತ್ತರಗಳಿಗೆಲ್ಲ ಸೇರಿ ಒಂದು, ಹೀಗೆ ಎರಡೇ ಫೀಡ್‌ಬ್ಯಾಕ್ ಹಾಕಬಹುದು. ಮೂಡಲ್‌ನಲ್ಲಿ ಒಂದೊಂದು ಆಯ್ಕೆಗೂ ಬೇರೆ ಬೇರೆ ಬರೆಯಬಹುದು. ಅದು 2002ರಿಂದ ಇರುವ, ಆನ್‌ಲೈನ್ ಪಾಠ ಪರೀಕ್ಷೆ ನಡೆಸುವ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ನಿಮ್ಮ ಕಾಲೇಜಿನ ಸರ್ವರಿನಲ್ಲಿ ಈಗಾಗಲೇ ಇದೆಯೇ, ಕೇಳಿ ನೋಡಿ.

ಫಾರ್ಮಕಾಲಜಿಯವರಿಗೆ ಮೂಡಲ್‌ನಲ್ಲಿ ಇನ್ನೊಂದು ಒಳ್ಳೆಯ ಅನುಕೂಲ ಇದೆ. ಲೆಕ್ಕದ ಪ್ರಶ್ನೆಯಲ್ಲಿ ಅಂಕಿಯ ಜಾಗ ಖಾಲಿ ಬಿಟ್ಟು ಸೂತ್ರ ಕೊಟ್ಟರೆ, ಒಬ್ಬೊಬ್ಬರಿಗೂ ಬೇರೆ ಅಂಕಿ ಬರುತ್ತದೆ. ನನ್ನದು ಹುಳದ ಔಷಧಿ ಐವರ್‌ಮೆಕ್ಟಿನ್. ಕೆಜಿಗೆ 0.2 ಮಿಗ್ರಾಂ, ಔಷಧಿ ಶೇ. 1ರದ್ದು, ಅಂದರೆ ಮಿಲಿಗೆ 10 ಮಿಗ್ರಾಂ. 350 ಕೆಜಿಯ ಹಸುವಿಗೆ 7 ಮಿಲಿ. ಪಕ್ಕದವನ ಹಸು 280 ಕೆಜಿ, ಅವನ ಉತ್ತರ 5.6. ಸ್ಕ್ರೀನ್‌ಶಾಟ್ ಕಳಿಸಿ ಏನು ಪ್ರಯೋಜನ? ಲೆಕ್ಕ ಮಾಡುವುದು ಹೇಗೆ ಎಂದು ಕಳಿಸಬೇಕು, ಕಳಿಸಲಿ, ಅದು ಪಾಠವೇ ಅಲ್ವಾ. ಮಗು 70 ಎಂದು ಬರೆದರೆ ಮಿಗ್ರಾಂ ಕಂಡುಹಿಡಿದು ಅಲ್ಲೇ ನಿಂತಿದೆ, ಮಿಲಿಗೆ ಇಳಿಸಲು ಮರೆತಿದೆ. ಆ ತಪ್ಪಿಗೂ ಸೂತ್ರ ಕೊಟ್ಟು ಅದರದೇ ಫೀಡ್‌ಬ್ಯಾಕ್ ಹಾಕಬಹುದು.

ನಿಮಗೆ ಪ್ಯಾರಾಸಿಟಮಾಲ್ ಹೇಳಿ ಮಾಡಿಸಿದ ಹಾಗಿದೆ. 12 ಕೆಜಿಯ ಮಗು, ಕೆಜಿಗೆ 15 ಮಿಗ್ರಾಂ, ಒಟ್ಟು 180 ಮಿಗ್ರಾಂ. 5 ಮಿಲಿಗೆ 125 ಮಿಗ್ರಾಂ ಇರುವ ಸಿರಪ್ ಆದರೆ 7.2 ಮಿಲಿ. 5 ಮಿಲಿಗೆ 250 ಇರುವುದಾದರೆ 3.6. ಮಿಲಿಗೆ 100 ಇರುವ ಡ್ರಾಪ್ಸ್ ಆದರೆ 1.8. ಸಿರಪ್ಪಿನ ಲೆಕ್ಕದಲ್ಲಿ 7.2 ಮಿಲಿ ಡ್ರಾಪ್ಸ್ ಕುಡಿಸಿದರೆ ಮಗುವಿಗೆ 720 ಮಿಗ್ರಾಂ ಹೋಯಿತು, ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಮೂರು ಬಾಟಲಿಯ ಲೇಬಲ್ ಫೋಟೊ ಹಾಕಿ ಕೇಳಿ. ನಿಮ್ಮ ಮಕ್ಕಳು ಈ ಪ್ರಶ್ನೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ಮಾತು, ಆತ್ಮವಿಶ್ವಾಸದ ಬಗ್ಗೆ. ಗೊತ್ತಿಲ್ಲದೆ ತಪ್ಪು ಮಾಡುವವರಿಗಿಂತ, ಗೊತ್ತಿದೆ ಎಂದು ನಂಬಿ ತಪ್ಪು ಮಾಡುವವರ ಬಗ್ಗೆ ನನಗೆ ಹೆಚ್ಚು ಭಯ. ಮೊದಲನೆಯವರು ಸೀನಿಯರ್‌ಗೆ ಫೋನ್ ಮಾಡುತ್ತಾರೆ. ಎರಡನೆಯವರು ಸಿರಿಂಜಿಗೆ ತುಂಬಿಬಿಡುತ್ತಾರೆ. ಮೂಡಲ್‌ನಲ್ಲಿ ಉತ್ತರದ ಜೊತೆಗೆ ನಿನಗೆ ಎಷ್ಟು ಖಾತ್ರಿ ಎಂದೂ ಕೇಳಬಹುದು, ಮೂರು ಹಂತ. ಸರಿ ಇದ್ದರೆ 1, 2, 3 ಅಂಕ. ತಪ್ಪಿದ್ದರೆ ಸೊನ್ನೆ, ಮೈನಸ್ 2, ಮೈನಸ್ 6. ಪೂರ್ತಿ ಖಾತ್ರಿ ಎಂದು ಒತ್ತಿ ತಪ್ಪಾದವರಿಗೆ ಆ ಮೈನಸ್ 6 ನೋಡಿದಾಗ ಎದೆ ಝಲ್ ಎನ್ನುತ್ತದೆ. ಮಾರ್ಕ್ಸ್ ಲೆಕ್ಕಕ್ಕಿಲ್ಲ, ಆದರೂ ಎನ್ನುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಇದನ್ನು ಬಹಳ ಕಾಲ ಬಳಸಿದ್ದಾರೆ. ಎರಡೇ ವಾರದಲ್ಲಿ ನಮ್ಮ ಮಕ್ಕಳು ಒತ್ತುವ ಮುಂಚೆ ನಿಲ್ಲುವುದನ್ನು ಕಲಿತುಬಿಡುತ್ತಾರೆ.

ಪೇಪರಿನಲ್ಲಿ ಆಗದ್ದನ್ನು ಆನ್‌ಲೈನ್‌ನಲ್ಲಿ ಮಾಡಿ. ಕುಂಟುವ ಹಸು ನಡೆಯುವ ವಿಡಿಯೊ ಹಾಕಿ ಯಾವ ಕಾಲು ಎಂದು ಕೇಳುತ್ತೇನೆ. ಅಬೊಮೇಸಮ್ (ಹಸುವಿನ ನಾಲ್ಕನೇ ಹೊಟ್ಟೆ) ಎಡಕ್ಕೆ ಸರಿದಾಗ ಪಕ್ಕೆಲುಬಿನ ಮೇಲೆ ಬೆರಳು ಮೀಟಿದರೆ ಬರುವ ಆ ಟಿಂಗ್ ಶಬ್ದವನ್ನು ಕೇಳಿಸುತ್ತೇನೆ. ರೈತರ ಒಪ್ಪಿಗೆ ಪಡೆದು ಅವರ ಮಾತು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ. "ಸಾ, ಎರಡು ದಿನ ಆತು, ಮೆಲುಕೇ ಹಾಕ್ತಿಲ್ಲ, ಕೆಚ್ಚಲು ಕಲ್ಲಾಗೈತೆ, ಹಾಲು ಹಿಂಡಿದ್ರೆ ನೀರ್ ನೀರು." ಇದನ್ನು ಕೇಳಿ, ಮುಂದೆ ಯಾವ ಪ್ರಶ್ನೆ ಕೇಳುತ್ತೀರಿ, ಯಾವ ಪರೀಕ್ಷೆ ಮಾಡುತ್ತೀರಿ ಎಂದು ಬರೆಯಬೇಕು. ಬೇರೆ ರಾಜ್ಯದಿಂದ ಬಂದ ಮಕ್ಕಳಿಗೆ ಕೋಲಾರದ ಕನ್ನಡ ಮೊದಲು ಕಿವಿಗೆ ಬೀಳುವುದು ಈ ಟೆಸ್ಟಿನಲ್ಲೇ. ನಿಮ್ಮಲ್ಲೂ ಓಪಿಡಿಯ ಮಾತು ಹೀಗೇ ಇರುತ್ತದಲ್ಲ, "ಎದೆ ಹಿಡಿದ ಹಾಗೆ", "ತಲೆ ದಿಮ್ ಅನ್ನತ್ತೆ" ಅಂತ. ಅದನ್ನೇ ಪ್ರಶ್ನೆಗೆ ತನ್ನಿ.

ಕ್ಯಾಮೆರಾ ಸಾಫ್ಟ್‌ವೇರ್ ನನಗೆ ಬೇಡ. ಆ ದುಡ್ಡಿದ್ದರೆ ಲ್ಯಾಬಿಗೆ ಇನ್ನಷ್ಟು ಕಂಪ್ಯೂಟರ್ ಹಾಕಿಸಿ.

---

ಉತ್ತರ | ಇಂಟರ್ನ್‌ಶಿಪ್ ಹುಡುಗಿ

ಮೇಡಂ, ನಾನು ಇಂಟರ್ನ್‌ಶಿಪ್‌ನಲ್ಲಿದ್ದೇನೆ, ವೆಟರ್ನರಿ. ವಿದ್ಯಾರ್ಥಿಗಳ ಕಡೆಯಿಂದ ಒಂದೆರಡು ಮಾತು ಹೇಳಲೇಬೇಕು.

ಕ್ಯಾಮೆರಾ ಇಟ್ಟು ಪರೀಕ್ಷೆ ಮಾಡುವುದಾದರೆ ನಾವಿರುವ ಜಾಗವನ್ನೂ ನೋಡಿ. ಪಿಜಿಯಲ್ಲಿ ಒಂದು ರೂಮಿಗೆ ಮೂವರು. ಒಬ್ಬಳು ಪರೀಕ್ಷೆ ಬರೆಯುವಾಗ ಇನ್ನೊಬ್ಬಳು ಹಿಂದೆ ಬಟ್ಟೆ ಮಡಚುತ್ತಿರುತ್ತಾಳೆ. ಸಾಫ್ಟ್‌ವೇರಿಗೆ ಅದು ಎರಡನೇ ಮುಖ. ವೈಫೈ ಎಲ್ಲರಿಗೂ ಸೇರಿ ಒಂದು, ಸಂಜೆ ಏಳಾದರೆ ಎಲ್ಲರೂ ಅದರಲ್ಲೇ. ಕರೆಂಟ್ ಹೋದರೆ ಫೋನಿನ ಡೇಟಾ. ಪಾಠ ಗೊತ್ತಿದ್ದವಳೂ ಆ ಟೆನ್ಷನ್‌ನಲ್ಲಿ ತಪ್ಪು ಒತ್ತುತ್ತಾಳೆ. ಫೋನನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಇಟ್ಟುಕೊಂಡು ಕಾಪಿ ಮಾಡುವವರು ಹೇಗಿದ್ದರೂ ಮಾಡುತ್ತಾರೆ.

ಶನಿವಾರ ಸಂಜೆ ಅರ್ಧ ಗಂಟೆ ಎಂದು ಕಟ್ಟಬೇಡಿ ಮೇಡಂ. ಶನಿವಾರ ಅರ್ಧ ಜನ ಊರಿನ ಬಸ್ಸಿನಲ್ಲಿರುತ್ತಾರೆ. ಸೋಮವಾರದ ತನಕ ತೆರೆದಿಡಿ. ಎಷ್ಟು ಸಲ ಬೇಕಾದರೂ ಬರೆಯಬಹುದು, ಪ್ರತಿ ಸಲ ಪ್ರಶ್ನೆ ಬದಲಾಗಿ ಬರುತ್ತದೆ ಎಂದರೆ ನಾವು ಬರೆಯುತ್ತೇವೆ. ನನಗೆ ಪ್ಯಾರಸೈಟಾಲಜಿ ಹೀಗೇ ತಲೆಗೆ ಹತ್ತಿದ್ದು. ರಕ್ತದ ಸ್ಲೈಡ್ ಫೋಟೊ ನೋಡಿ ಅದರಲ್ಲಿರುವ ಪರಾವಲಂಬಿ ಥೈಲೇರಿಯಾನೋ ಬಬೇಸಿಯಾನೋ ಹೇಳಬೇಕಿತ್ತು. ತಪ್ಪಾದ ಕೂಡಲೇ ಎರಡೂ ಫೋಟೊ ಪಕ್ಕಪಕ್ಕ ಬರುತ್ತಿದ್ದವು, ಬಬೇಸಿಯಾದ ಜೋಡಿ ಪೇರಳೆ ಆಕಾರಕ್ಕೆ ಬಾಣದ ಗುರುತು ಹಾಕಿ. ಈಗ ಮೈಕ್ರೋಸ್ಕೋಪಿನಲ್ಲಿ ನೋಡುವಾಗಲೂ ಆ ಬಾಣ ಕಣ್ಣಿಗೆ ಬರುತ್ತದೆ.

ಇನ್ನೊಂದು: ಪ್ರಶ್ನೆಗಳನ್ನು ನಮ್ಮಿಂದಲೂ ಬರೆಸಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಮಾಡಿದ ಪಿಯರ್‌ವೈಸ್ ಎಂಬುದರಲ್ಲಿ ವಿದ್ಯಾರ್ಥಿಗಳೇ ಪ್ರಶ್ನೆ ಬರೆದು, ಒಬ್ಬರದನ್ನು ಒಬ್ಬರು ಬಿಡಿಸಿ, ಚೆನ್ನಾಗಿದೆಯೋ ಇಲ್ಲವೋ ಹೇಳುತ್ತಾರೆ. ನಂಬುವ ಹಾಗಿರುವ ಒಂದು ತಪ್ಪು ಉತ್ತರ ಬರೆಯಲು ಹೋದರೆ ಗೊತ್ತಾಗುತ್ತದೆ, ಪಾಠ ಎಷ್ಟು ಅರ್ಥವಾಗಿದೆ ಅಂತ.

---

ಉತ್ತರ | ಹಳೇ ಎಕ್ಸಾಮಿನರ್, ಬಸವನಗುಡಿ

ಎಲ್ಲರ ಮಾತನ್ನೂ ಓದಿದೆ. ನಾನು ಸರ್ಜರಿಯವನು, ವೈವಾ ಟೇಬಲ್ಲಿನ ಆಚೆ ಬಹಳ ವರ್ಷ ಕೂತಿದ್ದೇನೆ. ಆನ್‌ಲೈನ್‌ಗೆ ನನ್ನ ವಿರೋಧ ಇಲ್ಲ. ಆದರೆ ಅದರ ಮೇರೆ ಎಲ್ಲಿ ಎಂದು ತಿಳಿದಿರಲಿ.

1990ರಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯಶಿಕ್ಷಣ ತಜ್ಞರು, ವೈದ್ಯನ ಸಾಮರ್ಥ್ಯ ಅಳೆಯಲು ಒಂದು ಪಿರಮಿಡ್ ಬರೆದರು. ಕೆಳಗೆ ಗೊತ್ತಿದೆ, ಅದರ ಮೇಲೆ ಹೇಗೆ ಎಂದು ಗೊತ್ತಿದೆ, ಅದರ ಮೇಲೆ ಮಾಡಿ ತೋರಿಸುತ್ತಾನೆ, ತುದಿಯಲ್ಲಿ ದಿನವೂ ಮಾಡುತ್ತಾನೆ. ಮನೆಯಲ್ಲಿ ಕೂತು ಬರೆಯುವ ಟೆಸ್ಟ್ ಎರಡನೇ ಮೆಟ್ಟಿಲಿಗೆ ನಿಲ್ಲುತ್ತದೆ. ಸಂಜಯನಗರದ ಡಾಕ್ಟರು ಬರೆದ ಹಾಗೆ ಪ್ರಶ್ನೆ ಮಾಡಿದರೆ ಎರಡನೇ ಮೆಟ್ಟಿಲನ್ನು ಚೆನ್ನಾಗಿ ಮುಟ್ಟುತ್ತದೆ, ಅದೇ ದೊಡ್ಡ ವಿಷಯ. ಕ್ಯಾತಿಟರ್ ಹಾಕುವುದು, ಗಾಯ ಹೊಲಿಯುವುದು, ಕೆಟ್ಟ ಸುದ್ದಿಯನ್ನು ಮನೆಯವರಿಗೆ ಹೇಳುವುದು, ಇವಕ್ಕೆ ಎದುರಿಗೆ ನಿಂತು ನೋಡುವ ಪರೀಕ್ಷೆಯೇ ಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಹಾರ್ಡನ್ ಅವರು ಓಸ್ಕಿ (ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ) ಎಂಬ ಪದ್ಧತಿ ತಂದಿದ್ದು ಇದಕ್ಕೇ. ಅಲ್ಲೂ ಎಕ್ಸಾಮಿನರ್ ಕೈಗೆ ಕಾಗದದ ಬದಲು ಟ್ಯಾಬ್ ಕೊಟ್ಟರೆ, ಯಾವ ಸ್ಟೇಷನ್‌ನಲ್ಲಿ ಎಲ್ಲರೂ ಎಡವಿದರು ಎಂದು ಅವತ್ತೇ ಗೊತ್ತಾಗುತ್ತದೆ.

ಮೇಡಂ, ನಿಮ್ಮ ಮಕ್ಕಳು ವೈವಾದಲ್ಲಿ ಬಾಯಿ ಬಿಡದಿರುವುದಕ್ಕೆ ಕಾಪಿ ಒಂದೇ ಕಾರಣ ಇರಲಾರದು. ಯಾಕೆ ಎಂದು ಅವರನ್ನು ಯಾರೂ ಕೇಳಿಲ್ಲ. ಪ್ರತಿ ಟೆಸ್ಟಿನ ಕೊನೆಗೆ ಒಂದೇ ಒಂದು ಪ್ರಶ್ನೆ, ಎರಡು ಸಾಲಿನಲ್ಲಿ ತಮ್ಮ ಮಾತಿನಲ್ಲೇ ಬರೆಯುವಂಥದ್ದು ಇಡಿ. ಪ್ರೊಪ್ರನಲಾಲ್ ಪ್ರಶ್ನೆಯನ್ನೇ ಇಡಿ. ಆ ಔಷಧಿ ಶ್ವಾಸನಾಳದ ಬೀಟಾ-2 ರಿಸೆಪ್ಟರ್‌ಗಳನ್ನು ಮುಚ್ಚಿದರೆ ಶ್ವಾಸನಾಳ ಬಿಗಿಯುತ್ತದೆ ಎನ್ನುವುದನ್ನು ಅವರು ಬರೆದು ನೋಡಲಿ. 150ನ್ನೂ ಓದಬೇಡಿ. ಹತ್ತು ಹದಿನೈದು ಆರಿಸಿ ಓದಿ, ಹೆಸರು ಹೇಳದೆ ಕ್ಲಾಸಿನಲ್ಲಿ ತೋರಿಸಿ. ವಿಶ್ವವಿದ್ಯಾಲಯದ ಥಿಯರಿ ಪೇಪರನ್ನು ಅವರು ಕೊನೆಗೂ ಪೆನ್ನಿನಲ್ಲೇ ಬರೆಯಬೇಕು, ವಾಕ್ಯ ಕಟ್ಟುವ ಅಭ್ಯಾಸ ತಪ್ಪಬಾರದು. ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿಯಲ್ಲಿ ಕಂಪ್ಯೂಟರ್ ಮುಂದೆ ಕೂತು 200 ಪ್ರಶ್ನೆ ಒತ್ತಬೇಕು, ಸರಿಗೆ 4, ತಪ್ಪಿಗೆ ಮೈನಸ್ 1. ಎರಡೂ ಬರಬೇಕು.

"ಮೇಲಿನ ಎಲ್ಲವೂ", "ಕೆಳಗಿನವುಗಳಲ್ಲಿ ಯಾವುದು ಅಲ್ಲ" ಎಂಬ ಪ್ರಶ್ನೆಗಳನ್ನು ಇವತ್ತೇ ತೆಗೆದುಹಾಕಿ. ಅವು ಓದುವ ಜಾಣತನವನ್ನು ಅಳೆಯುತ್ತವೆ, ವೈದ್ಯಕೀಯವನ್ನು ಅಳೆಯುವುದಿಲ್ಲ. ಪ್ರಶ್ನೆ ಬರೆದ ಮೇಲೆ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು ಓದಿ. ಆಯ್ಕೆ ನೋಡದೆಯೇ ಉತ್ತರ ಹೇಳಲು ಬಂದರೆ ಅದು ಒಳ್ಳೆಯ ಪ್ರಶ್ನೆ.

---

ಪ್ರಶ್ನೆ ಕೇಳಿದವರ ಉತ್ತರ | ಫಾರ್ಮಾ ಮೇಡಂ, ಬೆಂಗಳೂರು

ಎಲ್ಲರಿಗೂ ತುಂಬ ಧನ್ಯವಾದ. ಪ್ಯಾರಾಸಿಟಮಾಲ್ ಬಾಟಲಿಗಳ ಫೋಟೊ ಇವತ್ತೇ ಮೆಡಿಕಲ್ ಶಾಪಿಗೆ ಹೋಗಿ ತೆಗೆದುಕೊಂಡು ಬಂದೆ. ಮಾರ್ಕ್ಸ್ ತೆಗೆಯುವುದಕ್ಕೆ ಎಚ್‌ಒಡಿ ಹತ್ತಿರ ಮಾತಾಡಬೇಕು, ಒಪ್ಪುತ್ತಾರೆ ಅನ್ನಿಸುತ್ತದೆ.

ಸರ್, ಎರಡು ಅನುಮಾನ. ಒಂದು, 20 ಪ್ರಶ್ನೆಗೂ ಪ್ರತಿ ತಪ್ಪು ಆಯ್ಕೆಗೂ ಫೀಡ್‌ಬ್ಯಾಕ್ ಬರೆಯುವುದೆಂದರೆ ವಾರಪೂರ್ತಿ ಅದೇ ಆಗುತ್ತದೆ. ಹೇಗೆ ನಿಭಾಯಿಸುತ್ತೀರಿ? ಎರಡು, ಈಗ ಎಐ ಆಪ್‌ಗಳು ಕೇಳಿದ ತಕ್ಷಣ ಐವತ್ತು ಪ್ರಶ್ನೆ ಬರೆದುಕೊಡುತ್ತವೆ. ಬಳಸಬಹುದಾ?

---

ಉತ್ತರ | ಹಸು ಡಾಕ್ಟ್ರು, ಸಂಜಯನಗರ

ಮೇಡಂ, 20 ಯಾಕೆ ಬೇಕು? ವಾರಕ್ಕೆ ಐದು ಪ್ರಶ್ನೆ ಸಾಕು. ಆಯ್ಕೆ ಮೂರು ಸಾಕು, ನಾಲ್ಕನೆಯದನ್ನು ಸುಮ್ನೆ ಜಾಗ ತುಂಬಿಸಲು ಬರೆಯುತ್ತೇವೆ, ಯಾರೂ ಅದನ್ನು ಒತ್ತುವುದಿಲ್ಲ. ರೊಡ್ರಿಗೆಸ್ ಎಂಬುವರು 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿ ಮೂರು ಆಯ್ಕೆಯೇ ಸಾಕು ಎಂದಿದ್ದಾರೆ. ಐದು ಪ್ರಶ್ನೆ, ತಪ್ಪು ಆಯ್ಕೆ ಎರಡೆರಡು, ಹತ್ತು ಪುಟ್ಟ ಟಿಪ್ಪಣಿ. ಒಂದು ಸಂಜೆಯ ಕೆಲಸ. ಮುಂದಿನ ವರ್ಷಕ್ಕೂ ಅದು ಬರುತ್ತದೆ, ಡಿಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ ಹಂಚಿಕೊಂಡರೆ ಒಂದು ವರ್ಷದಲ್ಲಿ ಒಳ್ಳೆಯ ಪ್ರಶ್ನೆ ಬ್ಯಾಂಕ್ ಆಗುತ್ತದೆ.

ಆದರೆ ಬ್ಯಾಂಕ್ ಮಾಡಿ ಮರೆಯಬೇಡಿ. ಪ್ರತಿ ಟೆಸ್ಟಿನ ನಂತರ ಮೂಡಲ್ ಒಂದು ಪಟ್ಟಿ ಕೊಡುತ್ತದೆ. ಎಷ್ಟು ಜನ ಸರಿ ಮಾಡಿದರು, ಚೆನ್ನಾಗಿ ಮಾಡಿದವರು ಈ ಪ್ರಶ್ನೆಯನ್ನೂ ಸರಿ ಮಾಡಿದರಾ ಎಂದು. ಎರಡನೆಯದನ್ನು ತಪ್ಪದೆ ನೋಡಿ. ಹಳೆಯ ಬ್ಯಾಂಕಿನಲ್ಲಿದ್ದ ಒಂದು ಪ್ರಶ್ನೆಯಲ್ಲಿ ನಮ್ಮ ಜಾಣ ಮಕ್ಕಳೇ ತಪ್ಪು, ಓದದವರೇ ಸರಿ ಎಂದು ಬಂತು. ದನಗಳ ನೋವಿಗೆ ಕೊಡಬಹುದಾದ ಔಷಧಿ ಯಾವುದು ಎಂಬ ಪ್ರಶ್ನೆ, ಉತ್ತರದ ಕೀಲಿಯಲ್ಲಿ ಕೀಟೊಪ್ರೊಫೆನ್ ಎಂದಿತ್ತು. ಔಷಧಿ ಕೊಟ್ಟ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಸಾಯುತ್ತವೆ ಎಂದು ಪ್ರಾಣಿಗಳಿಗೆ ಡೈಕ್ಲೊಫೆನಾಕ್ ನಿಷೇಧವಾಗಿದ್ದು 2006ರಲ್ಲಿ, ಅದು ಎಲ್ಲರಿಗೂ ಗೊತ್ತು. ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ನಿಷೇಧವಾಗಿದ್ದು 2023ರಲ್ಲಿ. ಓದುವ ಮಕ್ಕಳು ಮೆಲಾಕ್ಸಿಕಾಮ್ ಒತ್ತಿದ್ದರು. ಅವರೇ ಸರಿ. ಆ ಪಟ್ಟಿ ಇಲ್ಲದಿದ್ದರೆ ಆ ಪ್ರಶ್ನೆ ಹಾಗೇ ಉಳಿದು, ಬ್ಯಾಚ್ ಮೇಲೆ ಬ್ಯಾಚ್ ಹಳೆಯ ಉತ್ತರ ಕಲಿಯುತ್ತಿತ್ತು. ಬೆಂಗಳೂರಿನಿಂದ ಗಂಟೆ ಪ್ರಯಾಣಕ್ಕೆ ರಾಮನಗರದ ರಾಮದೇವರಬೆಟ್ಟ, ರಣಹದ್ದುಗಳ ಅಭಯಾರಣ್ಯ. ಇಲ್ಲಿ ಓದಿದವರು ಈ ವಿಷಯದಲ್ಲಿ ತಪ್ಪಬಾರದು. ಈಗ ನಾನು ಪ್ರತಿ ಪ್ರಶ್ನೆಯ ಜೊತೆ ಬರೆದ ವರ್ಷ ಹಾಕುತ್ತೇನೆ, ಔಷಧಿ ಪ್ರಶ್ನೆಗಳನ್ನು ಪ್ರತಿ ವರ್ಷ ತೆಗೆದು ನೋಡುತ್ತೇನೆ.

ಎಐ ವಿಷಯವೂ ಇಲ್ಲಿಗೇ ಬರುತ್ತದೆ. ಕಥೆ ಕಟ್ಟಲು, ಹೆಸರು ಊರು ಬದಲಿಸಲು ಬಳಸಿ. ಡೋಸ್, ನಿಷೇಧ, ಔಷಧಿ ಕೊಟ್ಟ ಹಸುವಿನ ಹಾಲು ಎಷ್ಟು ದಿನ ಬಳಸಬಾರದು ಎಂಬಂಥದ್ದನ್ನು ಅದು ಎಷ್ಟೇ ಧೈರ್ಯವಾಗಿ ಬರೆದರೂ ಪುಸ್ತಕ ತೆಗೆದು ನೀವೇ ನೋಡಿ. ತಪ್ಪು ಆಯ್ಕೆಗಳನ್ನು ಮಾತ್ರ ಅದರಿಂದ ಬರೆಸಬೇಡಿ. ಅವು ನಿಮ್ಮ ವೈವಾ ಟೇಬಲ್ಲಿನಿಂದ ಬರಬೇಕು. ಮಕ್ಕಳು ನಿಜವಾಗಿ ಹೇಳುವ ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ವಾರದ ಆಯ್ಕೆಗಳು ಅವೇ.

ಸೋಮವಾರ ಕ್ಲಾಸಿನ ಮೊದಲ ಹತ್ತು ನಿಮಿಷವನ್ನು ಅತಿ ಹೆಚ್ಚು ಜನ ತಪ್ಪಿದ ಒಂದೇ ಒಂದು ಪ್ರಶ್ನೆಗೆ ಕೊಡಿ. ಅದನ್ನು ಗೂಗಲ್ ಫಾರ್ಮ್ಸ್ ಕೂಡ ತೋರಿಸುತ್ತದೆ, ಮೂಡಲ್ ಸಿಗುವ ತನಕ ಕಾಯಬೇಕಿಲ್ಲ.

---

ಫಾರ್ಮಾ ಮೇಡಂ, ಬೆಂಗಳೂರು

ಸರ್, ಕೊನೆಯದಾಗಿ ಒಂದು. ಪ್ಯಾರಾಸಿಟಮಾಲ್ ಲೆಕ್ಕದಲ್ಲಿ ಕೆಲವರು 3.6 ಅನ್ನು 3.5 ಎಂದು ಬರೆಯುತ್ತಾರೆ, ಅಳತೆ ಲೋಟದಲ್ಲಿ ಅಷ್ಟೇ ಗೆರೆ ಇರುವುದು ಅಂತ. ತಪ್ಪು ಕೊಡಲಾ?

---

ಹಸು ಡಾಕ್ಟ್ರು, ಸಂಜಯನಗರ

ಕೊಡಬೇಡಿ. ಆ ಮಗು ಬಾಟಲಿ ಕೈಯಲ್ಲಿ ಹಿಡಿದು ಯೋಚನೆ ಮಾಡಿದೆ. ಮೂಡಲ್‌ನಲ್ಲಿ ಟಾಲರೆನ್ಸ್ ಎಂಬ ಜಾಗ ಇದೆ, ಶೇ. 5ರಷ್ಟು ಆಚೀಚೆ ಬಿಡಿ, ಆಗ 3.5 ಸರಿಯಾಗುತ್ತದೆ. 1.8 ಮಾತ್ರ 2 ಆಗಲು ಬಿಡಬೇಡಿ, ಡ್ರಾಪ್ಸ್ ಬಾಟಲಿಯ ಡ್ರಾಪರಿನಲ್ಲಿ ಇನ್ನೂ ಸಣ್ಣ ಗೆರೆಗಳಿರುತ್ತವೆ. ಡ್ರಾಪರಿನ ಫೋಟೊವನ್ನೂ ಪ್ರಶ್ನೆಗೆ ಸೇರಿಸಿ.